ಸಾಲಿಗೆ ಕೂಡದ ಕಜ್ಜಾಯ

ಚೈತ್ರ ಶುದ್ಧ ಪಂಚಮಿ, ಗುರುವಾರ. ಬಿಸಿಲು ಚುರುಕು, ಗಾಳಿ ಇಲ್ಲ. ಯಾವ ವರ್ಷ ಅಂತ ಕೇಳಬೇಡಿ, ಯಾವ ಸೀಮೆ ಅಂತಲೂ ಕೇಳಬೇಡಿ. ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ.

ಆ ದಿನ ಸಾಕಮ್ಮನ ಮದುವೆ. ಹುಡುಗ ಬೋರಣ್ಣ, ಅವಳ ಮನಸ್ಸಿಗೆ ಬಂದವನು. ಆದರೆ ತಾಳಿಗೆ ಮುಂಚೆ ಆ ಸೀಮೆಯಲ್ಲೊಂದು ಕಟ್ಟಳೆ. ಹೆಣ್ಣಿನವರು ತಂದ ಕಜ್ಜಾಯವನ್ನು ಗಂಡಿನ ಮನೆಯ ಅಂಗಳದಲ್ಲಿ ಸಾಲುಸಾಲಾಗಿ ಜೋಡಿಸಬೇಕು. ಎಲ್ಲ ಸಾಲೂ ಸಮ ಇರಬೇಕು. ಒಂಟಿ ಸಾಲು ಸಲ್ಲದು. ಹೊತ್ತು ಮುಳುಗುವುದರೊಳಗೆ ಕೂಡದಿದ್ದರೆ ಹೆಣ್ಣು ವಾಪಸ್ಸು. ತಾಳಿಯಾಗುವ ತನಕ ಎರಡು ಕಡೆಯವರಿಗೂ ಉಪವಾಸ. ಕಜ್ಜಾಯ ತಿಂದವರಿಗೆ ದಂಡ.

"ಸಾಲಿಗೆ ನೂರು, ಅಂಥವು ನೂರು ಸಾಲು. ಅದೇನು ಮಹಾ!" ಎಂದು ಸಾಕಮ್ಮನ ದೊಡ್ಡಮ್ಮ ಕೆಂಚಮ್ಮ ಹತ್ತು ಸಾವಿರ ಕರಿದಳು. ಏಳು ಊರಮ್ಮಂದಿರಿಗೆಂದು ಬೇರೆ ಏಳು ಕರಿದಳು. ಅವಸರದಲ್ಲಿ ಎಲ್ಲವನ್ನೂ ಒಂದೇ ಗಾಡಿಗೆ ಸುರಿದಳು. ಗಂಡಿನ ಮನೆಗೆ ಬಂದದ್ದನ್ನು ಹೊರಗೆ ತೆಗೆಯುವ ಹಾಗಿಲ್ಲ.

ಸಾಲಿಗೆ ನೂರಿಟ್ಟರು. ಏಳು ಉಳಿಯಿತು. ಕಿತ್ತು, ಒಂಬತ್ತಿಟ್ಟರು. ಎಂಟು ಉಳಿಯಿತು. ಕಿತ್ತು, ಮೂರಿಟ್ಟರು. ಎರಡು ಉಳಿಯಿತು. ಕೇಳಿ, ಹತ್ತು ಸಾವಿರದ ಏಳು ಅಂಥ ಮೊಂಡು ಸಂಖ್ಯೆ. ಒಂದಕ್ಕೆ ಬಗ್ಗುತ್ತದೆ, ತನಗೆ ತಾನು ಬಗ್ಗುತ್ತದೆ. ಇನ್ಯಾರು ಪಾಲು ಕೇಳಿದರೂ ಸಮನಾಗಿ ಕೊಡುವುದಿಲ್ಲ.

"ಏನು ಬೀಗಿತ್ತಿ, ಕಜ್ಜಾಯಕ್ಕೇ ಇಷ್ಟು ಹಟ, ಇನ್ನು ಹುಡುಗಿಗೆ ಎಷ್ಟೋ!" ಎಂದಳು ಬೋರಣ್ಣನ ತಾಯಿ ದ್ಯಾವಮ್ಮ.

ಸಾಕಮ್ಮನ ಕಣ್ಣು ಸೂರ್ಯನ ಮೇಲೆ. ಹೊಟ್ಟೆಯಲ್ಲಿ ಬೆಂಕಿ. ಮೂಗಿಗೆ ತುಪ್ಪದ ಘಮ. ಸೆರಗಿನ ಮರೆಯಲ್ಲಿ ಒಂದನ್ನು ನುಂಗಿಬಿಟ್ಟಳು.

ಈಗ ಕೂಡಿತು! ಆದರೆ ಹೇಗೆ? ಎರಡೇ ಸಾಲು. ಅಂಗಳ ದಾಟಿತು, ಓಣಿ ದಾಟಿತು, ಕೆರೆ ಏರಿಯ ಮೇಲೆ ಹೋಯಿತು. ಕಾಗೆಗಳು ನೆಂಟರಂತೆ ಬಂದು ಕೂತವು.

"ಅಂಗಳದಲ್ಲಿ ಅಂದರೆ ಅಂಗಳದಲ್ಲೇ!" ಎಂದಳು ದ್ಯಾವಮ್ಮ. ಬಳಿದು ತಂದರು.

ಕೊನೆಗೆ ಸುಸ್ತಾಗಿ, ಗೋಡೆಯಿಂದ ಗೋಡೆಗೆ ಹಿಡಿದಷ್ಟು ಇಟ್ಟರು. ಸಾಲಿಗೆ ನೂರ ಹದಿನೈದು. ಎಂಬತ್ತೇಳು ಸಾಲು ತುಂಬಿತು. ಒಂದೂ ಉಳಿಯಲಿಲ್ಲ, ಒಂದೂ ಕಮ್ಮಿಯಾಗಲಿಲ್ಲ!

ಬೋರಣ್ಣ ತಾಳಿ ಎತ್ತಿಕೊಂಡ. "ತಡಿ!" ಎಂದಳು ದ್ಯಾವಮ್ಮ. "ಇದು ಹತ್ತು ಸಾವಿರದ ಐದು. ಎರಡು ಎಲ್ಲಿ? ಏನೇ ಹುಡುಗಿ, ತಿಂದೆಯಾ?"

"ಒಂದೇ ಒಂದು ಅತ್ತೆ. ನಿಮ್ಮಾಣೆ."

"ಮತ್ತಿನ್ನೊಂದು?"

ಕೆಂಚಮ್ಮ ಹತ್ತಿರ ಬಂದು ನೋಡಿದಳು. "ಬೀಗಿತ್ತಿ, ನಿಮ್ಮ ಗಲ್ಲದ ಮೇಲೆ ಗಸಗಸೆ."

ದ್ಯಾವಮ್ಮ ಒರೆಸಿಕೊಂಡಳು. "ಹೊತ್ತು ಮುಳುಗುತ್ತಿತ್ತಲ್ಲೇ! ಇಂಥ ಸೊಸೆಯನ್ನು ವಾಪಸ್ಸು ಕಳಿಸಲಾ?"

ಸಾಕಮ್ಮನ ಕೊರಳಿಗೆ ತಾಳಿ ಬಿತ್ತು. ದಂಡ? ತಿಂದ ಎರಡನ್ನು ಕರಿದಿಟ್ಟರೆ ಮತ್ತದೇ ಹತ್ತು ಸಾವಿರದ ಏಳು! "ಬೇಡಪ್ಪಾ ಬೇಡ!" ಎಂದು ಊರೇ ಕೂಗಿತು. ಸಾಲು ಕೆಡಬಾರದು, ಆದ್ದರಿಂದ ಇಡೀ ಒಂದು ಸಾಲೇ ದಂಡ ಎಂದಾಯಿತು.

ಸೊಸೆ ಐವತ್ತೇಳು ಕರಿದಳು. ಅತ್ತೆ ಐವತ್ತೇಳು ಕರಿದಳು. ಉಳಿದ ಒಂದು? ಅದಕ್ಕೆ ಇಬ್ಬರೂ ಜಗಳಕ್ಕೆ ನಿಂತರು. ಬೋರಣ್ಣ ಪೇಟ ಕಟ್ಟಿಕೊಂಡೇ ಬಾಣಲೆ ಮುಂದೆ ಕೂತು ಕರಿದ. ಸೀದುಹೋಯಿತು. ಆದರೂ ಸಾಲಿಗೆ ಸೇರಿಸಿಕೊಂಡರು.

ಅವರ ಸಾಲು ಅಲ್ಲಿ ತುಂಬಿತು, ನಮ್ಮ ಮಾತು ಇಲ್ಲಿ.