ಗಂಡಸಾದರೆ ಹಿಡಿ

ಕಾರವಾರದಲ್ಲಿ ಅಂಕೋಲೆಯ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ಬಾರಿನ ಗೋಡೆಯಲ್ಲಿ ಬಿಯರಿನ ಹೆಸರು ಹೊತ್ತ ಸೋಡಾದ ಜಾಹೀರಾತು. ತೋಳುಬ್ಬಿಸಿದ ಗಂಡಸು, ಕೆಳಗೆ 'ಗಂಡಸಾದರೆ ಹಿಡಿ'. ಪಕ್ಕದಲ್ಲಿ ಮದುವೆ ಗೊತ್ತಾಗಿದ್ದ ನಮ್ಮೂರ ಹುಡುಗ ಸಂದೇಶ ಮತ್ತು ಅವನು ಮದುವೆಯಾಗುವ ಹುಡುಗಿಯ ಅಣ್ಣ ಕೂತಿದ್ದರು.

"ಓದಿದ್ಯಾ ಭಾವ? ನಿಂಗೇ ಬರ್ದದ್ದು."

"ಬೇಡ ಮಾರಾಯಾ. ಅಪ್ಪ ಕುಡ್ದೇ ಸತ್ತದ್ದು. ಆಯಿಗೆ ಮಾತು ಕೊಟ್ಟಿದ್ದೆ."

"ಹಂಗಾರೆ ಆಯಿ ಸೀರೆನೂ ಉಟ್ಕೊ. ನಮ್ಮನಿ ಅಳಿಯಂದಿರೆಲ್ಲ ಮದ್ವಿಗೆ ಮೊದ್ಲು ನಮ್ಮ ಸಂಗಡ ಕೂತು ಒಂದು ಬಾಟ್ಲಿ ಮುಗ್ಸಿದವ್ರೇ."

"ನಾ ಕುಡೂದಿಲ್ಲ ಅಂತೇ ನೀತಾಗೆ ಖುಷಿ."

ಅಣ್ಣ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

"ನೀತಾ, ನಿನ್ನ ಗಂಡ ಬಾಟ್ಲಿಗೆ ಹೆದರ್ತಿದ್ದಾ."

ಹುಡುಗಿ ನಕ್ಕಳು. "ಕಲ್ಸಿ ಕಳ್ಸು ಅಣ್ಣಾ. ಗೆಳತ್ಯಾರ ಮುಂದೆ ನಂಗೇ ನಾಚ್ಕೆ."

ಸಂದೇಶ ಎದ್ದ. "ಒಂದೇ, ಹಾಂ?"

ರಸ್ತೆ ದಾಟುತ್ತ ಅಣ್ಣ ಅವನ ಬೆನ್ನು ತಟ್ಟಿದ.

"ನಿಮ್ಮಪ್ಪನೂ ಒಂದ್ರಿಂದ್ಲೇ ಶುರು ಮಾಡಿದ್ದ, ಬಾ."