ಎದುರಿಗೆ ಬಂದ ದೀಪಗಳ ಬಗ್ಗೆ ಲೈಟ್ ಮೇಸ್ತ್ರಿ ಬರೆಸಿದ್ದು

ನಾನು, ಎಲ್ಲರೂ ಲೈಟ್ ಮೇಸ್ತ್ರಿ ಎಂದು ಕರೆಯುವವನು, ವಯಸ್ಸು 43, ಉದ್ಯೋಗ ವಾಹನಗಳ ವಿದ್ಯುತ್ ಕೆಲಸ, ವಾಸ ಬಸ್ ಡಿಪೋ ಎದುರಿನ ಸಾಲಿನ ಕೊನೆಯ ಅಂಗಡಿಯ ಹಿಂದಿನ ಎರಡು ಕೋಣೆ, ಈ ಮೂಲಕ ತಿಳಿಸುವುದೇನೆಂದರೆ, ಇಂದು ಬೆಳಿಗ್ಗೆ ಸ್ಥಳಕ್ಕೆ ಬಂದ ಪೇದೆಯವರಿಗೆ ನಾನು ಹೇಳಿದ್ದು ಪೂರ್ತಿ ನಿಜವಲ್ಲ.

ಮೊನ್ನೆ ಮಂಗಳವಾರ ಸಂಜೆ 4 ಗಂಟೆಗೆ ಟೈಲ್ಸ್ ವ್ಯಾಪಾರಿಯವರು ತಮ್ಮ ಪಿಕಪ್ ಗಾಡಿ ತಂದು, ಹೆಡ್‌ಲೈಟ್ ಬದಲಿಸಿ, ಮಂಜಿಗೆಂದು ಹೊಸ ಫಾಗ್ ಲೈಟ್ ಹಾಕಲು ಹೇಳಿದರು. ನನ್ನ ಅಂಗಡಿಯ ಮಳಿಗೆ ಅವರದೇ. ಹಳದಿ ಫಾಗ್ ಲೈಟ್ ಒಂದೇ ಇದ್ದುದರಿಂದ ಅದನ್ನು ಎಡಕ್ಕೆ ಹಾಕಿ, ಇನ್ನೊಂದು ಬರುವವರೆಗೆ ಇರಲೆಂದು ಬಲಕ್ಕೆ ಬಿಳಿಯದನ್ನು ಹಾಕಿದೆ.

ಖಾಲಿ ಗಾಡಿಯಲ್ಲಿ ದೀಪದ ಮಟ್ಟ ನೋಡಿದರೆ ಮೋಸ ಹೋಗುತ್ತೇವೆ. ಲೋಡ್ ಬಿದ್ದಾಗ ಹಿಂಭಾಗ ಕುಗ್ಗಿ, ಮೂತಿ ಎದ್ದು, ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಎಂದಿನಂತೆ ನನ್ನ ಹೆಂಡತಿ, ಅತ್ತೆ, ಪಕ್ಕದ ಕ್ಷೌರದಂಗಡಿಯವರು ಮತ್ತು ಅವರ ಗಿರಾಕಿ, ಒಟ್ಟು ನಾಲ್ವರನ್ನು ಹಿಂದೆ ಕೂರಿಸಿ, 25 ಅಡಿ ದೂರದ ಡಿಪೋ ಗೋಡೆಗೆ ಬೆಳಕು ಬಿಟ್ಟೆ. ಗಿರಾಕಿಯ ಅರ್ಧ ಮುಖಕ್ಕೆ ಸೋಪು ಹಾಗೇ ಇತ್ತು. ಈ ಮನೆಗೆ ಬಂದು ಹತ್ತೊಂಬತ್ತು ವರ್ಷಕ್ಕೆ ಇವತ್ತು ನನಗೂ ಒಂದು ತೂಕ ಬಂತು ಎಂದು ನನ್ನ ಹೆಂಡತಿ ನಗಾಡಿದಳು. ಬೆಳಕು ಗೋಡೆಯ ಮೇಲೆ ನಾನು ಎಳೆದಿಟ್ಟ ಗೆರೆಗಿಂತ ನಾಲ್ಕು ಬೆರಳು ಮೇಲಿತ್ತು. ಇಳಿಸಿದೆ. ಅವರೆಲ್ಲ ಇಳಿದು ಒಳಗೆ ಹೋದರು.

ವ್ಯಾಪಾರಿಯವರು ಒಂದು ಸುತ್ತು ಹೋಗಿ 6.20ಕ್ಕೆ ವಾಪಸ್ ಬಂದು, ಏನಯ್ಯಾ ಇದು ದೀಪಾನೋ ಬೆಂಕಿಕಡ್ಡೀನೋ, ಮೇಲಕ್ಕೆ ಎತ್ತು, ಎದುರಿಗೆ ಬರೋನು ತಾನಾಗೇ ಪಕ್ಕಕ್ಕೆ ಸರೀಬೇಕು ಎಂದರು. ಲೋಡ್ ಹಾಕಿದರೆ ಕಷ್ಟವಾಗುತ್ತದೆ ಎಂದು ಎರಡು ಸಲ ಹೇಳಿದೆ. ಮಳಿಗೆ ಖಾಲಿ ಇದೆಯಾ ಅಂತ ದಿನಾ ಒಬ್ಬ ಕೇಳ್ತಾನೆ ಎಂದರು. ನಾನು ಎಲ್ಲ ದೀಪಗಳನ್ನೂ ಎತ್ತಿ ಕೊಟ್ಟೆ. ಹೆಡ್‌ಲೈಟಿಗೆ ಮೂರು ಸುತ್ತು ಸ್ಕ್ರೂ, ಅಷ್ಟೇ ಕೆಲಸ.

ಇಂದು ಗುರುವಾರ ಬೆಳಿಗ್ಗೆ 6.15ಕ್ಕೆ, ಹೊಲಿಗೆ ಕಾರ್ಖಾನೆಯ ಮೊದಲ ಪಾಳಿಗೆ ಹೆಂಡತಿಯನ್ನು ಸ್ಕೂಟರಿನಲ್ಲಿ ಬಿಡಲು ಹೋಗುತ್ತಿದ್ದೆ. ಮಂಜು ದಟ್ಟವಾಗಿತ್ತು. ಸೇತುವೆಗೆ ಸುಮಾರು 80 ಮೀಟರ್ ಇರುವಾಗ ಎದುರಿನಿಂದ ಬಂದ ಬೆಳಕು ಕಣ್ಣು ಕುಕ್ಕಿ ಏನೂ ಕಾಣದಾಯಿತು. ಎಡಕ್ಕೆ ತಿರುಗಿಸಿದೆ. ಸ್ಕೂಟರ್ 7 ಅಡಿ ಆಳದ ಚರಂಡಿಗೆ ಉರುಳಿತು. ನನಗೆ ತರಚು ಗಾಯ. ನನ್ನ ಹೆಂಡತಿಯ ಬಲಗಾಲು ಕಲ್ಲಿಗೂ ಸ್ಕೂಟರಿಗೂ ನಡುವೆ ಸಿಕ್ಕಿಕೊಂಡಿತು. ಎದುರಿನ ಗಾಡಿ ನಮಗೆ ತಾಗಲಿಲ್ಲ, ನಿಲ್ಲಲೂ ಇಲ್ಲ.

ಗಾಡಿಯ ನಂಬರ್ ನೋಡಿಲ್ಲ ಎಂದು ಪೇದೆಯವರಿಗೆ ಹೇಳಿದ್ದು ನಿಜ. ಯಾರ ಗಾಡಿಯೋ ಗೊತ್ತಿಲ್ಲ ಎಂದದ್ದು ಸುಳ್ಳು. ಕಣ್ಣು ಕತ್ತಲಿಡುವ ಮೊದಲು ನನ್ನ ಬಲಕ್ಕೆ ಹಳದಿ, ಎಡಕ್ಕೆ ಬಿಳಿ ದೀಪ ಕಂಡಿದ್ದವು. ಆ ಜೋಡಿ ಈ ಊರಲ್ಲಿ ಒಂದೇ ಇದೆ.

9.05ಕ್ಕೆ ಆಪರೇಷನ್ ಕೋಣೆಯ ಹೊರಗೆ ನಿಂತಿದ್ದಾಗ ವ್ಯಾಪಾರಿಯವರು ಫೋನ್ ಮಾಡಿ, ಇವತ್ತು ಫುಲ್ ಲೋಡ್ ಹಾಕ್ಕೊಂಡು ಮಂಜಲ್ಲೇ ಬಂದೆ, ಲೈಟ್ ಅಂದ್ರೆ ಲೈಟು ಮೇಸ್ತ್ರಿ, ಒಬ್ಬನೂ ಅಡ್ಡ ಬರ್ಲಿಲ್ಲ ಎಂದು ಹೊಗಳಿದರು. ಅವರಿಗೆ ಏನೂ ಗೊತ್ತಿಲ್ಲ. ನಾನು ಸರಿ ಸಾರ್ ಎಂದೆ.

ಪಾದ ಉಳಿಯುತ್ತದೆಯೇ ಎಂಬುದನ್ನು ಎರಡು ದಿನ ಕಾದು ನೋಡಬೇಕೆಂದು ಡಾಕ್ಟರು ತಿಳಿಸಿದ್ದಾರೆ. 11.30ಕ್ಕೆ ನನ್ನ ಹೆಂಡತಿಗೆ ಎಚ್ಚರವಾಯಿತು. ಯಾರ ಗಾಡಿ ಎಂದು ಕೇಳಿದಳು. ಗೊತ್ತಾಗಲಿಲ್ಲ ಎಂದೆ. ಆ ಲೈಟ್ ಹಾಕಿಕೊಟ್ಟೋನಿಗೂ ಹೆಂಡ್ತಿ ಅಂತ ಒಬ್ಬಳು ಇರ್ತಾಳಲ್ವಾ ಎಂದಳು. ಇರಬಹುದು ಎಂದೆ.

ಆಕೆಗೆ ನಾನೇ ತಿಳಿಸುತ್ತೇನೆ, ಅಲ್ಲಿಯವರೆಗೆ ಠಾಣೆಯವರು ತಿಳಿಸಬಾರದೆಂದು ಕೇಳಿಕೊಳ್ಳುತ್ತೇನೆ. ಯಾವಾಗ ತಿಳಿಸುತ್ತೇನೆಂದು ನನಗೆ ಗೊತ್ತಿಲ್ಲ.

ಇಷ್ಟನ್ನೂ ನಾನೇ ಹೇಳಿ ಬರೆಸಿದ್ದೇನೆ. ಓದಿಸಿ ಕೇಳಿದೆ, ನಿಜವಾಗಿದೆ, ಬದಲಿಸುವುದೇನೂ ಇಲ್ಲ.

ಸ್ಥಳ: ಆಸ್ಪತ್ರೆ, ಎರಡನೇ ಮಹಡಿ, ವಾರ್ಡಿನ ಹೊರಗಿನ ಬೆಂಚು
ದಿನಾಂಕ: 14, ಗುರುವಾರ, ಮಧ್ಯಾಹ್ನ 12.10
(ಸಹಿ)