ಮೆಹೆದಿಂತ್ಸ್ ಜಿಲ್ಲೆಯ ದೊರೆಗಳೂ ನಮ್ಮ ಶೇಷಗಿರಿ ಸಾಹೇಬರೂ

ಈ ವೇದಿಕೆಯ ನಡುಗುರ್ಚಿಯಲ್ಲಿ ಮೂರನೆಯ ಸಲ ವಿರಾಜಮಾನರಾಗಿರುವ ಅಧ್ಯಕ್ಷ ಗುರುಶಾಂತಪ್ಪನವರೇ, ಅವರ ಎರಡನೆಯ ಮತ್ತು ಮೂರನೆಯ ಅವಧಿಗಳ ನಡುವೆ ಕುರ್ಚಿ ತಣ್ಣಗಾಗದಂತೆ ಅಧ್ಯಕ್ಷರಾಗಿದ್ದ ಅವರ ಶ್ರೀಮತಿಯವರೇ, ಇಂದಿನ ಮುಖ್ಯ ಅತಿಥಿಗಳೂ ಗ್ರಂಥಕರ್ತರೂ ನಿವೃತ್ತ ಇಂಜಿನಿಯರರೂ ಆದ ಶೇಷಗಿರಿಯವರೇ, ಅವರ ಧರ್ಮಪತ್ನಿ ಸುವರ್ಣಮ್ಮನವರೇ, ಚಿಕಾಗೋ ಕಡೆಯ ಸಭಿಕರೇ, ಡೆಟ್ರಾಯಿಟ್ ಕಡೆಯಿಂದ ಬೆಳಗಿನಿಂದ ಡ್ರೈವ್ ಮಾಡಿಕೊಂಡು ಹಸಿದು ಬಂದಿರುವ ಸಭಿಕರೇ, ಹಿಂದಿನ ಸಾಲಿನಲ್ಲಿ ಫೋನು ಒತ್ತುತ್ತಾ ಕುಳಿತ ಕನ್ನಡದ ಕುಡಿಗಳೇ, ನಿಮಗೆಲ್ಲ ಎರಡು ಸಾವಿರದ ಎಂಟನೆಯ ಇಸವಿಯ ರಾಜ್ಯೋತ್ಸವದ ಶುಭಾಶಯ.

ನಾನು ಇಕ್ರಾಮ್. ಡಿಯರ್‌ಬಾರ್ನ್‌ನಲ್ಲಿ ಕಾರಿನ ಬಾಗಿಲಿನ ಹಿಡಿಕೆ ಡಿಸೈನ್ ಮಾಡುತ್ತೇನೆ. ಇಪ್ಪತ್ತೊಂದು ವರ್ಷ ಅದನ್ನೇ ಮಾಡಿದ್ದೇನೆ. ಬಾಗಿಲಿನ ಒಳಗೆ ಏನಿದೆ ಎಂದು ಕಂಪನಿಯವರು ನನ್ನನ್ನು ಕೇಳಿಲ್ಲ, ನಾನೂ ಹೇಳಿಲ್ಲ. ಇಂಥವನನ್ನು ಪುಸ್ತಕ ಬಿಡುಗಡೆಗೆ ಯಾಕೆ ಕರೆದರು? ಕಾರ್ಯದರ್ಶಿ ಸುದೀಪ್ ಫೋನು ಮಾಡಿ, ‘ಅಂಕಲ್, ಬುಕ್ಕು ರೊಮೇನಿಯಾ ಬಗ್ಗೆ. ನಿಮ್ಮ ಆಫೀಸಲ್ಲಿ ರೊಮೇನಿಯನ್ಸ್ ಇದಾರಲ್ವಾ, ನೀವೇ ಬೆಸ್ಟು’ ಎಂದ. ಹೌದು, ನನ್ನ ಪಕ್ಕದ ಕ್ಯೂಬಿಕಲ್‌ನಲ್ಲಿ ಹನ್ನೆರಡು ವರ್ಷ ಒಬ್ಬ ರೊಮೇನಿಯಾದವನು ಇದ್ದ. ಅವನಿಂದ ನಾನು ಕಲಿತದ್ದು ಅನ್ನವನ್ನು ಎಲೆಕೋಸಿನಲ್ಲಿ ಸುತ್ತಬಹುದು ಎಂಬುದೊಂದೇ. ಈ ಪಾಂಡಿತ್ಯದ ಬಲದ ಮೇಲೆ ನಾನು ನಿಮ್ಮೆದುರು ನಿಂತಿದ್ದೇನೆ.

ಇನ್ನೊಂದು ಪರಿಚಯ ಬಾಕಿ ಇದೆ. ಮೊದಲ ಸಾಲಿನಲ್ಲಿ, ಬಿಳಿ ದುಪಟ್ಟಾ ಹೊದ್ದು, ನನ್ನ ಕೋಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿರುವವರು ನನ್ನ ತಾಯಿ ಅಸ್ಗರಿ. ಎಪ್ಪತ್ತೆಂಟು ವರ್ಷ. ಭಾಷಣ ಕೇಳುವ ಚಟ ಅವರಿಗಿಲ್ಲ. ನಮ್ಮ ಊರು ಒಂದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರು. ಹೆಸರು ಹೇಳಿ ಪ್ರಯೋಜನವಿಲ್ಲ, ಈಗ ಅಲ್ಲಿ ಮೀನಿನ ಗುತ್ತಿಗೆ ನಡೆಯುತ್ತದೆ. ಆ ಕಾಲದಲ್ಲಿ ಅಲ್ಲಿ ಸರ್ವೆಗೆ ಬಂದಿದ್ದ ಇಂಜಿನಿಯರರು ಇದೇ ಶೇಷಗಿರಿಯವರು. ನನ್ನ ಮಗ ಝೈನ್ ನಿಮ್ಮ ಆಮಂತ್ರಣದ ಇಮೇಲನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದಾಗ ನನ್ನ ತಾಯಿ ಆ ಹೆಸರು ಹಿಡಿದುಕೊಂಡರು. ‘ನಾನೂ ಬರ್ತೇನಿ. ಅಂವಗ ಒಂದ ಮಾತು ಕೇಳೋದೈತಿ’ ಎಂದರು. ಆ ಮಾತು ನನ್ನ ತಂದೆಯ ಗೋರಿಯ ವಿಷಯ. ನನ್ನ ಭಾಷಣ ಮುಗಿಯುವ ತನಕ ತಡೆ ಎಂದು ಅವರನ್ನು ಕೂರಿಸಿದ್ದೇನೆ. ಆದ್ದರಿಂದ ಭಾಷಣ ಸ್ವಲ್ಪ ಉದ್ದವಾದರೆ ದಯವಿಟ್ಟು ಸಹಿಸಿಕೊಳ್ಳಿ.

ಮೊದಲು ಬಿಡುಗಡೆ ಮಾಡಿಬಿಡುತ್ತೇನೆ, ಆಮೇಲೆ ಮನಸ್ಸು ಬದಲಾದೀತು. ಈ ಬಣ್ಣದ ಕಾಗದ ಸುತ್ತಿದವರು ಯಾರಪ್ಪ? ಲಾವಣ್ಯನೇ ಇರಬೇಕು, ಪ್ಲೇನ್‌ಫೀಲ್ಡ್‌ನಿಂದ ಅಪ್ಪನ ಪುಸ್ತಕವನ್ನು ಮದುಮಗಳಂತೆ ಸಿಂಗರಿಸಿ ತಂದಿದ್ದಾಳೆ. ಟೇಪು ಬಿಡುತ್ತಿಲ್ಲ. ಕತ್ತರಿ ಇದೆಯೇ? ಬೇಡ, ಹರಿದೇಬಿಡುತ್ತೇನೆ. ನೋಡಿ, ‘ಡ್ಯಾನ್ಯೂಬ್ ದಂಡೆಯ ದೊರೆಗಳು’. ಫೋಟೋ ತೆಗೆದುಕೊಳ್ಳಿ. ಗುರುಶಾಂತಪ್ಪನವರೇ, ನಿಮ್ಮ ಮುಖವೂ ಬರಲಿ, ಇಲ್ಲದಿದ್ದರೆ ಫೋಟೋಕ್ಕೆ ಅರ್ಥವಿಲ್ಲ. ಆಯಿತು, ಬಿಡುಗಡೆಯಾಯಿತು. ಚಪ್ಪಾಳೆ ತಟ್ಟಿದವರಿಗೆ ಧನ್ಯವಾದ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಲೇಖಕರು ಹೋದ ವರ್ಷ ಎಂಟು ದಿನ ರೊಮೇನಿಯಾಕ್ಕೆ ಹೋಗಿ ಬಂದರು. ಎಂಟು ದಿನಕ್ಕೆ ಇನ್ನೂರ ಹನ್ನೆರಡು ಪುಟ. ಅಂದರೆ ದಿನಕ್ಕೆ ಇಪ್ಪತ್ತಾರೂವರೆ ಪುಟ. ಅದರಲ್ಲಿ ಊಟ, ನಿದ್ದೆ, ಬಸ್ಸಿನ ಪ್ರಯಾಣ ಎಲ್ಲವೂ ಸೇರಿತು. ನಾನು ಈ ಮಾತನ್ನು ಅಸೂಯೆಯಿಂದ ಆಡುತ್ತಿಲ್ಲ. ಇಪ್ಪತ್ತೊಂದು ವರ್ಷ ಮಿಷಿಗನ್‌ನಲ್ಲಿದ್ದು ನಾನು ಬರೆದದ್ದು ಕಿರಾಣಿ ಪಟ್ಟಿ ಮಾತ್ರ.

ಪುಸ್ತಕದ ಕೇಂದ್ರ ಮೆಹೆದಿಂತ್ಸ್ ಎಂಬ ಜಿಲ್ಲೆ. ಎಲ್ಲಿದೆ ಇದು? ರೊಮೇನಿಯಾದ ನೈಋತ್ಯ ಮೂಲೆಯಲ್ಲಿದೆ. ಒಂದು ಕಡೆ ಬೆಟ್ಟ, ಒಂದು ಕಡೆ ಡ್ಯಾನ್ಯೂಬ್ ನದಿ, ನದಿಯಾಚೆ ಸೆರ್ಬಿಯಾ. ಟುರ್ನು ಸೆವೆರಿನ್ ಎಂಬುದು ಜಿಲ್ಲಾ ಕೇಂದ್ರ. ಅಲ್ಲಿ ರೋಮನ್ ಚಕ್ರವರ್ತಿ ಟ್ರಾಜನ್ ಕಟ್ಟಿಸಿದ ಸೇತುವೆಯ ಕಂಬ ಇನ್ನೂ ಉಳಿದಿದೆಯಂತೆ. ಸೇತುವೆ ಎಷ್ಟು ಉದ್ದ, ಕಂಬ ಎಷ್ಟು ದಪ್ಪ, ಗಾರೆಗೆ ಏನು ಬೆರೆಸಿದ್ದರು, ಎಲ್ಲ ವಿವರವೂ ಇಲ್ಲಿದೆ. ಇಂಜಿನಿಯರರು ಬರೆದ ಪ್ರವಾಸ ಕಥನದಲ್ಲಿ ಸೂರ್ಯಾಸ್ತಕ್ಕೂ ಅಡಿ ಅಂಗುಲಗಳ ಲೆಕ್ಕ ಇರುತ್ತದೆ ಎಂಬುದು ನನಗೆ ಈಗ ಗೊತ್ತಾಯಿತು.

ಅದೇ ಊರಿನ ದಂಡೆಗೆ ಸಾವಿರದ ಎಂಟುನೂರ ಅರವತ್ತಾರರಲ್ಲಿ ರೊಮೇನಿಯಾದ ದೊರೆ ಬಂದಿಳಿದ. ಬಂದಿಳಿದ ಎಂದರೆ, ಇಂಪೋರ್ಟ್ ಆದ! ಆ ದೇಶದವರಿಗೆ ತಮ್ಮಲ್ಲಿ ಯಾರನ್ನು ಕೂರಿಸಿದರೂ ಉಳಿದವರು ಒಪ್ಪುವುದಿಲ್ಲ ಎಂಬ ಚಿಂತೆ. ಜರ್ಮನಿಯಿಂದ ಒಬ್ಬ ರಾಜಕುಮಾರನನ್ನು ತರಿಸಿಕೊಂಡರು. ಅವನು ಬೇರೆ ಹೆಸರಿನ ಪಾಸ್‌ಪೋರ್ಟ್ ಇಟ್ಟುಕೊಂಡು, ಕಣ್ಣಿಗೆ ಕನ್ನಡಕ ಏರಿಸಿ, ಹಡಗಿನ ಸೆಕೆಂಡ್ ಕ್ಲಾಸಿನಲ್ಲಿ ಕುಳಿತು, ಒಡೆಸ್ಸಾಕ್ಕೆ ಟಿಕೆಟ್ ತೆಗೆದು ನಡುವೆಯೇ ಇಳಿದನಂತೆ. ಈ ಹಾಲ್‌ನಲ್ಲಿ ಎಚ್ ಒನ್ ವೀಸಾದ ಮೇಲೆ ಬಂದ ತಮ್ಮಂದಿರು ಎಷ್ಟು ಜನರಿದ್ದೀರಿ? ಕೈ ಎತ್ತಿ. ನೋಡಿದಿರಾ, ಧೈರ್ಯಗೆಡಬೇಡಿ. ಅಳುಕುತ್ತ ಬಂದ ಆ ಹುಡುಗ ನಲವತ್ತೆಂಟು ವರ್ಷ ಆಳಿದ.

ಆಮೇಲಿನ ಕಥೆ ಇನ್ನೂ ಚೆನ್ನಾಗಿದೆ. ಕೊನೆಯ ದೊರೆ ಐದು ವರ್ಷದ ಮಗುವಾಗಿದ್ದಾಗಲೇ ಸಿಂಹಾಸನ ಏರಿದ, ಯಾಕೆಂದರೆ ಅವನ ಅಪ್ಪ ಪ್ರೇಮ ಪ್ರಕರಣದಲ್ಲಿ ಹಕ್ಕು ಬಿಟ್ಟು ದೇಶ ಬಿಟ್ಟಿದ್ದ. ಮೂರು ವರ್ಷಕ್ಕೆ ಅಪ್ಪ ವಾಪಸ್ಸು ಬಂದು, ಏಳಪ್ಪಾ ಮಗನೇ ಎಂದು ತಾನು ಕುಳಿತ. ಹತ್ತು ವರ್ಷಕ್ಕೆ ಅಪ್ಪ ಮತ್ತೆ ಹೋದ, ಮಗ ಮತ್ತೆ ಕುಳಿತ. ಮೊದಲು ಮಗ, ಆಮೇಲೆ ಅಪ್ಪ, ಆಮೇಲೆ ಮಗ. ಇಂಥ ವ್ಯವಸ್ಥೆಯನ್ನು ನಮ್ಮ ಬಳಗದ ಬೈಲಾ ಬರೆದವರು ಎಲ್ಲಿಂದ ಕದ್ದರು ಎಂದು ನಾನು ಹುಡುಕುತ್ತಿದ್ದೆ, ಇಲ್ಲಿ ಸಿಕ್ಕಿತು. ಗುರುಶಾಂತಪ್ಪನವರು ನಗುತ್ತಿದ್ದಾರೆ. ಅವರ ಶ್ರೀಮತಿಯವರು ನಗುತ್ತಿಲ್ಲ.

ಸಾವಿರದ ಒಂಬೈನೂರ ನಲವತ್ತೇಳರಲ್ಲಿ ಕಮ್ಯುನಿಸ್ಟರು ಆ ದೊರೆಯ ಮುಂದೆ ಒಂದು ಕಾಗದ ಇಟ್ಟು ಸಹಿ ಮಾಡಿಸಿದರು. ಅರಸೊತ್ತಿಗೆ ಹೋಯಿತು, ಮನೆ ಹೋಯಿತು, ದೇಶವೂ ಹೋಯಿತು. ಈ ಭಾಗ ಬರೆಯುವಾಗ ನಮ್ಮ ಲೇಖಕರ ಕಣ್ಣು ತುಂಬಿ ಬಂದಿದೆ. ಹೌದು, ಅವರೇ ಬರೆದಿದ್ದಾರೆ. ಐವತ್ತು ವರ್ಷದ ಮೇಲೆ ಪೌರತ್ವ ಹಿಂದಿರುಗಿಸಿದರು, ಹೋದ ವರ್ಷ ಬೆಟ್ಟದ ಮೇಲಿನ ಅರಮನೆಯನ್ನೂ ಹಿಂದಿರುಗಿಸಿದರು. ಆ ಅರಮನೆ ಈ ಜಿಲ್ಲೆಯಲ್ಲಿಲ್ಲ, ಬೇರೆ ಜಿಲ್ಲೆಯಲ್ಲಿದೆ. ಆದರೂ ಲೇಖಕರು ಅದನ್ನು ಇಲ್ಲಿಗೇ ಎಳೆದು ತಂದು ಮೂವತ್ತೆಂಟು ಪುಟ ಅತ್ತಿದ್ದಾರೆ. ಮನೆ ಕಳೆದುಕೊಂಡವರ ನೋವು ನಮ್ಮ ಲೇಖಕರಿಗೆ ಎಷ್ಟು ಚೆನ್ನಾಗಿ ಅರ್ಥವಾಗುತ್ತದೆ! ಮನೆಯಲ್ಲಿ ನೂರು ಕೋಣೆಗಳಿರಬೇಕು, ಅಷ್ಟೆ.

ಈಗ ನೂರ ಅರವತ್ತೊಂದನೆಯ ಪುಟ ತೆಗೆಯುತ್ತೇನೆ. ಅಧ್ಯಾಯದ ಹೆಸರು ‘ಉಕ್ಕಿನ ಬಾಗಿಲ ಮಹಾ ಅಣೆಕಟ್ಟು’. ಅದೇ ಜಿಲ್ಲೆ, ಅದೇ ನದಿ. ಓದುತ್ತೇನೆ, ಕೇಳಿ. ‘ಯೋಜನೆಯ ಅನುಷ್ಠಾನದಲ್ಲಿ ಅದಾ ಕಲೆ ಎಂಬ ಒಂದು ಸಣ್ಣ ದ್ವೀಪವು ಮುಳುಗಡೆಯಾಯಿತು. ನಿವಾಸಿಗಳನ್ನು ತೃಪ್ತಿಕರವಾಗಿ ಸ್ಥಳಾಂತರಿಸಲಾಯಿತು.’ ಮುಗಿಯಿತು! ದೊರೆಗೆ ಮೂವತ್ತೆಂಟು ಪುಟ, ದ್ವೀಪಕ್ಕೆ ಎರಡು ವಾಕ್ಯ. ಸಾಹೇಬರೇ, ಯಾರಿಗೆ ತೃಪ್ತಿಯಾಯಿತು?

ಆ ದ್ವೀಪದಲ್ಲಿ ತುರ್ಕಿ ಮುಸಲ್ಮಾನರಿದ್ದರು. ಮಸೀದಿ ಇತ್ತು, ಕೋಟೆ ಇತ್ತು, ಅಂಜೂರದ ಗಿಡಗಳಿದ್ದವು, ಮಿಠಾಯಿ ಮಾಡುವವರಿದ್ದರು. ಒಮ್ಮೆ ದೊರೆಯೂ ಬಂದು ಹೋಗಿದ್ದ. ಆಮೇಲೆ ನೀರು ಬಂತು. ಇದನ್ನೆಲ್ಲ ನಾನು ಆಫೀಸಿನ ಲಂಚ್ ಹೊತ್ತಿನಲ್ಲಿ ಇಂಟರ್‌ನೆಟ್ಟಿನಲ್ಲಿ ಓದಿದೆ. ಅರಮನೆ ಬೆಟ್ಟದ ಮೇಲಿತ್ತು, ಅರುವತ್ತು ವರ್ಷದ ಮೇಲಾದರೂ ಕೊಟ್ಟರು. ದ್ವೀಪದವರಿಗೆ ಕೊಡೋಣವೆಂದರೂ ಏನನ್ನು ಕೊಡುತ್ತಾರೆ? ನನಗೆ ಸಿಟ್ಟು ಬಂತು, ಸಭಿಕರೇ. ಈ ಮನುಷ್ಯನನ್ನು ಚಿಕಾಗೋದ ನಾಲ್ಕು ಜನರೆದುರು ನಿಲ್ಲಿಸಿ ಕೇಳಬೇಕು ಎಂದುಕೊಂಡೇ ನಾನು ಸುದೀಪ್‌ಗೆ ಒಪ್ಪಿಗೆ ಕೊಟ್ಟದ್ದು.

ಯಾಕೆಂದರೆ ಇವರು ನಮ್ಮ ಮನೆಯಲ್ಲಿ ಚಹಾ ಕುಡಿದವರು. ತೊಂಬತ್ತಾರರಲ್ಲಿ ಮೂರು ತಿಂಗಳು, ದಿನವೂ ನಾಲ್ಕು ಗಂಟೆಗೆ, ನಮ್ಮ ಕಟ್ಟೆಯ ಮೇಲೆ ನಕ್ಷೆ ಹರಡಿಕೊಂಡು ಕೂರುತ್ತಿದ್ದರಂತೆ. ನನ್ನ ತಾಯಿ ಮನೆ ಕೇಳಲಿಲ್ಲ, ಹೊಲ ಕೇಳಲಿಲ್ಲ. ‘ನಮ್ಮ ಯಜಮಾನ್ರ ಗೋರಿ ನೀರಾಗ ಬಿಡಬ್ಯಾಡ್ರಿ. ಜಮಾತಿನವರೂ ಹೂಂ ಅಂದಾರ’ ಎಂದು ಒಂದೇ ಮಾತು ಕೇಳಿದರು. ಇವರು, ‘ಆಗ್ಲಮ್ಮ, ಎತ್ತರದ ಹೊಸ ಖಬರಸ್ತಾನಕ್ಕೆ ಸೇರಿಸೋಣ, ದಿನ ಗೊತ್ತಾದ ತಕ್ಷಣ ತಿಳಿಸ್ತೀನಿ’ ಎಂದು ಮಾತು ಕೊಟ್ಟರು. ಮರು ವರ್ಷ ನನ್ನ ತಾಯಿ ಡಿಯರ್‌ಬಾರ್ನ್‌ಗೆ ಬಂದರು. ತೊಂಬತ್ತೊಂಬತ್ತರಲ್ಲಿ ನೀರು ಏರಿತು. ಗೋರಿ ನೀರಿನಲ್ಲೇ ಉಳಿಯಿತು. ಒಂಬತ್ತು ವರ್ಷದಿಂದ ನಮ್ಮ ಅಡಿಗೆಮನೆಯಲ್ಲಿ ಇವರ ಹೆಸರು ಹೀಗೆ ಬರುತ್ತದೆ: ‘ಆ ಇಂಜಿನೇರ ನಮ್ಮನ್ಯಾಗ ಚಾ ಕುಡದು, ಮಾತು ಕೊಟ್ಟು, ಮರತು ಕುಂತ.’

ಸುದೀಪ್ ಚೀಟಿ ಕಳಿಸಿದ್ದಾನೆ. ‘ಅಂಕಲ್, ಟೈಮ್ ಆಯ್ತು, ಬಿಸಿಬೇಳೆ ಬಾತ್ ಆರ್ತಿದೆ.’ ಆರಲಿ ಬಿಡಪ್ಪ, ಮೈಕ್ರೋವೇವ್ ಇದೆ. ಐದು ನಿಮಿಷ.

ಈ ಭಾಷಣವನ್ನು ನಾನು ಬರೆದುಕೊಂಡು ಬಂದದ್ದು ಇಲ್ಲಿಯವರೆಗೆ. ಮುಂದಿನ ಹಾಳೆಯಲ್ಲಿ ‘ಸಾಹೇಬರೇ, ಉತ್ತರ ಕೊಡಿ’ ಎಂದಿದೆ. ಅದನ್ನು ಓದಿ ಕೈಮುಗಿದು ಇಳಿಯಬೇಕಿತ್ತು. ಆದರೆ ಒಂದು ಗಂಟೆಯ ಹಿಂದೆ, ನನ್ನ ತಾಯಿ ನಮಾಜಿಗೆ ಕೈಕಾಲು ತೊಳೆಯಲು ಹೋಗಿದ್ದಾಗ, ಕಾಫಿಯ ಮೇಜಿನ ಹತ್ತಿರ ಇವರು ನನ್ನ ಕೈ ಹಿಡಿದುಕೊಂಡರು. ‘ನೀವು ಅಸ್ಗರಿಯಮ್ಮನವರ ಮಗ ಅಲ್ವೇ? ನಮ್ಮ ಫ್ಯಾಕ್ಸು ಸಿಕ್ಕಿತ್ತು ತಾನೆ? ನಾನವತ್ತು ಆಳುಗಳನ್ನ ಕರ್ಕೊಂಡು ಸಂಜೆವರೆಗೂ ಗೋರಿ ಹತ್ರಾನೇ ನಿಂತಿದ್ದೆ ಕಣ್ರೀ. ನಿಮ್ಮಿಂದ ಉತ್ತರಾನೇ ಬರ್ಲಿಲ್ವಲ್ಲ’ ಎಂದರು. ನಾನು ‘ಆಮೇಲೆ ಮಾತಾಡೋಣ ಸರ್’ ಎಂದು ಕಾಫಿ ಚೆಲ್ಲಿಕೊಂಡು ಹಾಲ್‌ನೊಳಗೆ ಬಂದೆ.

ಫ್ಯಾಕ್ಸು ಸಿಕ್ಕಿತ್ತು, ಸಭಿಕರೇ. ನನ್ನ ತಾಯಿ ಊರು ಬಿಡುವಾಗ ಇವರ ಕೈಗೆ ಕೊಟ್ಟಿದ್ದ ನನ್ನ ಆಫೀಸಿನ ನಂಬರಿಗೇ ಬಂದಿತ್ತು. ಗೋರಿ ಸ್ಥಳಾಂತರಿಸುವ ದಿನ ಗೊತ್ತಾಗಿದೆ, ವಾರಸುದಾರರು ಬರಲಾಗದಿದ್ದರೆ ಒಂದು ಒಪ್ಪಿಗೆ ಪತ್ರ ಕಳಿಸಿದರೆ ಸಾಕು, ಹದಿನೆಂಟು ದಿನ ಸಮಯವಿದೆ ಎಂದಿತ್ತು. ಒಂದು ಸಹಿ, ಒಂದು ನೋಟರಿ. ನಮ್ಮ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲೇ ನೋಟರಿ ಇದ್ದಳು, ಪೀಟರ್ಸನ್ ಅಂತ, ಬಾಯಿತುಂಬ ಮಾತಾಡುವ ಹೆಂಗಸು. ಆಗ ಹೊಸ ಮಾಡೆಲ್ಲಿನ ಲಾಂಚ್ ಇತ್ತು. ನನ್ನ ಹಿಡಿಕೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಅಂಟಿಕೊಳ್ಳುತ್ತಿತ್ತು. ನಾಳೆ ಮಾಡಿದರಾಯಿತು ಎಂದೆ. ಮರುದಿನವೂ ಅದನ್ನೇ ಅಂದೆ. ಹತ್ತೊಂಬತ್ತನೆಯ ದಿನ ಡ್ರಾಯರ್ ತೆಗೆದು ನೋಡಿದೆ. ಆ ಸಂಜೆ ಮನೆಗೆ ಹೋಗಿ ಹೇಳಿದೆ, ‘ಇಂಜಿನಿಯರ್ ಮರೆತುಬಿಟ್ಟ ಅಮ್ಮಿ. ಸರಕಾರದ ಮಂದಿ, ಅವರಿಗೇನು.’ ಆಕೆ ಅತ್ತಳು. ನಾನು ಪಕ್ಕದಲ್ಲಿ ಕುಳಿತು ಇವರನ್ನು ಬೈದೆ. ಬೈದು ಬೈದು ನನಗೂ ಅದೇ ನಿಜ ಎನಿಸಿಬಿಟ್ಟಿತ್ತು. ಎರಡು ವಾಕ್ಯ ಬರೆದವರನ್ನು ಹಂಗಿಸುತ್ತ ನಿಂತಿದ್ದೇನೆ. ನಾನು ಒಂದು ವಾಕ್ಯವನ್ನೂ ಬರೆದು ಕಳಿಸಲಿಲ್ಲ.

ಅಮ್ಮಿ, ಕೇಳಾಕತ್ತೀಯಿಲ್ಲೋ? ಸಾಹೇಬ್ರು ಮರೀಲಿಲ್ಲ. ಕಾಗದ ಬಂದಿತ್ತು, ನಾ ಮುಚ್ಚಿಟ್ಟೆ. ತೊಂಬತ್ತೊಂದರಾಗ ಅಬ್ಬಾ ತೀರಿಕೊಂಡಾಗೂ ವೀಸಾ ಅಂತ ಹೇಳಿ ಮಣ್ಣಿಗೆ ಬರಲಿಲ್ಲ. ಎರಡನೇ ಸಲ ದೇವರು ಬಾಗಿಲು ತಟ್ಟಿದ್ದ, ಆಗೂ ನಾ ನಾಳೆ ಅಂದೆ. ನಂದ ತಪ್ಪು, ಅಮ್ಮಿ. ನಾಚಿಕಿ ಆಗೇತಿ ನನಗ.

ಎದ್ದಿದ್ದಾಳೆ. ಕೋಟನ್ನು ಕುರ್ಚಿಯ ಮೇಲೆ ಇಟ್ಟಳು. ವೇದಿಕೆಯ ಕಡೆ ಬರುತ್ತಿದ್ದಾಳೆ, ದಯವಿಟ್ಟು ಯಾರೂ ತಡೆಯಬೇಡಿ. ಲಾವಣ್ಯ, ಮೆಟ್ಟಿಲ ಹತ್ತಿರ ಕೈ ಹಿಡಿಯಮ್ಮ. ಸಾಹೇಬರು ತಾವೇ ಇಳಿದು ಅವಳ ಹತ್ತಿರ ಹೋದರು.

ಹಿಂದಿನ ಸಾಲಿನವರಿಗೆ ಕೇಳಿಸಿರಲಿಕ್ಕಿಲ್ಲ, ನಾನು ಹೇಳುತ್ತೇನೆ. ನನ್ನ ತಾಯಿ ಮೊದಲು ಅವರಿಗೆ ಕೈಮುಗಿದು ಮಾಫಿ ಕೇಳಿದರು. ಅವರು ಬೇಡ ಬೇಡ ಎಂದು ಆ ಕೈಗಳನ್ನು ಹಿಡಿದುಕೊಂಡರು. ಆಮೇಲೆ ನನ್ನ ತಾಯಿ, ‘ಸಂಜಿತನಕಾ ನಿಂತಿದ್ರಂತಲ್ರಿ. ಬರೋ ಮುಂದ ಒಂದ ಹಿಡಿ ಮಣ್ಣರ ಹಾಕಿ ಬಂದ್ರೇನು?’ ಎಂದು ಕೇಳಿದರು. ಸಾಹೇಬರು ಹೌದೆಂದು ತಲೆಯಾಡಿಸಿದರು. ‘ಹಾಕಿದೆನಮ್ಮ, ಮಗ ಬಂದಿಲ್ಲವಲ್ಲಾಂತ ನಾನೇ ಹಾಕಿದೆ’ ಎಂದರು.

ಈಗ ನನ್ನ ತಾಯಿ ಸುವರ್ಣಮ್ಮನವರ ಪಕ್ಕದಲ್ಲಿ ಕುಳಿತಿದ್ದಾರೆ. ನನ್ನ ಕಡೆ ನೋಡಿಲ್ಲ. ಸುದೀಪ್, ಅವರನ್ನು ಊಟಕ್ಕೆ ನೀನೇ ಕರೆದುಕೊಂಡು ಹೋಗು, ನಾನು ಕರೆದರೆ ಏಳಲಿಕ್ಕಿಲ್ಲ. ಡಿಯರ್‌ಬಾರ್ನ್‌ಗೆ ಇನ್ನೂರ ತೊಂಬತ್ತು ಮೈಲಿ ಇದೆ. ಅಷ್ಟು ದೂರ ನನ್ನ ಗಾಡಿಯಲ್ಲಿ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಪುಸ್ತಕ ಕೊಳ್ಳಿ, ಓದಿ. ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲರಿಗೂ ಧನ್ಯವಾದ. ಸಭೆಗೆ ನಮಸ್ಕಾರ. ನನ್ನ ತಂದೆಗೆ ಮಣ್ಣು ಕೊಟ್ಟ ಶೇಷಗಿರಿಯವರಿಗೆ ಬೇರೆಯಾಗಿ ಒಂದು ನಮಸ್ಕಾರ.